ಮೊಳೆ ಹೊಡೆಯಬಾರದ ಗೋಡೆ

ಕನ್ನಡದಲ್ಲಿ ಇವತ್ತು ಅತಿ ಹೆಚ್ಚು ಜನ ಓದುವ ಸಾಹಿತ್ಯ ಯಾವುದು ಅಂತ ಯಾರಾದರೂ ಕೇಳಿದರೆ ನಾವು ಯಾವ ಜ್ಞಾನಪೀಠದ ಹೆಸರನ್ನೂ ಹೇಳೋದಿಲ್ಲ. ಹೊಸಪೇಟೆಯ ಗೇಟುಗಳಿಗೆ ತಂತಿಯಲ್ಲಿ ಕಟ್ಟಿದ ರಟ್ಟಿನ ತುಂಡನ್ನು ತೋರಿಸ್ತೀವಿ. 'ಮನೆ ಬಾಡಿಗೆಗೆ ಇದೆ.' ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, 'ಸಸ್ಯಾಹಾರಿಗಳಿಗೆ ಮಾತ್ರ.' ಎರಡೇ ಸಾಲು. ಮೊದಲ ಸಾಲು ಊರನ್ನೆಲ್ಲ ಕರೆಯುತ್ತೆ, ಎರಡನೇ ಸಾಲು ನಮ್ಮನ್ನು ವಾಪಸು ಕಳಿಸುತ್ತೆ. ಇಷ್ಟು ಬಿಗಿಯಾದ ರಚನೆಯನ್ನು ನವ್ಯರೂ ಬರೆಯಲಿಲ್ಲ. ಆದರೂ ನಮ್ಮ ವಿಮರ್ಶಕರು ಇದನ್ನು ಕೃತಿ ಅಂತ ಓದಿದ್ದಿಲ್ಲ. ಅವರಿಗೆ ಓದಬೇಕಾದ ದರ್ದು ಬಂದಿರಲಿಕ್ಕಿಲ್ಲ.

ಕಳೆದ ಬೇಸಿಗೆಯಲ್ಲಿ ನಾವು ಕಂಪ್ಲಿಯಿಂದ ಮನೆ ಎತ್ತಿ ಹೊಸಪೇಟೆಗೆ ಬರಬೇಕಾಯಿತು. ನಾವು ಅಂದರೆ ಅವ್ವ, ತಂಗಿ, ಮತ್ತೆ ಒಂದು ಡಿಗ್ರಿ ಸರ್ಟಿಫಿಕೇಟು. 2021ರ ಅಕ್ಟೋಬರ್ 2ರಂದು ವಿಜಯನಗರ ಜಿಲ್ಲೆ ಉದ್ಘಾಟನೆ ಆಗಿ ಹೊಸಪೇಟೆ ಜಿಲ್ಲಾಕೇಂದ್ರ ಆಯ್ತು. ಕಂಪ್ಲಿ, ಸಂಡೂರು ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಕಚೇರಿ ಎಲ್ಲಿಗೆ ಹೋಗುತ್ತೋ ಕೆಲಸ ಅಲ್ಲಿಗೆ, ಕೆಲಸ ಎಲ್ಲಿಗೋ ನಾವಲ್ಲಿಗೆ. ಬಾಡಿಗೆ ಏರಿದ ಬಗ್ಗೆ ಹೋಟೆಲಿನಲ್ಲಿ ಎಲ್ಲರೂ ಮಾತಾಡ್ತಾರೆ. ಬಾಡಿಗೆ ದುಡ್ಡು ಜೇಬಿನಲ್ಲಿಟ್ಟುಕೊಂಡು ಹೋದವನಿಗೆ ಮನೆ ಸಿಗದ ಬಗ್ಗೆ ಯಾರೂ ಮಾತಾಡೋದಿಲ್ಲ. ನಮ್ಮ ಗೋಳು ಹೇಳಿಕೊಳ್ಳಲಿಕ್ಕೆ ಈ ಲೇಖನ ಬರೀತಾ ಇಲ್ಲ. ಮನೆ ಹುಡುಕಿದ ಎರಡು ತಿಂಗಳು ನಾವು ಓದಿದ್ದ ಕನ್ನಡ ಸಾಹಿತ್ಯವನ್ನು ಮತ್ತೊಮ್ಮೆ ಓದಿಸಿದವು. ಆ ಓದಿನ ಲೆಕ್ಕ ಒಪ್ಪಿಸ್ತಾ ಇದ್ದೀವಿ.

ಮೊದಲು ಗೇಟಿನ ಮುಂದಿನ ಸಂಭಾಷಣೆ. ಅದಕ್ಕೊಂದು ಕಥನತಂತ್ರ ಇದೆ. 'ಯಾವೂರು?' 'ಕಂಪ್ಲಿ.' 'ಕಂಪ್ಲಿಯಾಗ ಎಲ್ಲಿ?' ಓಣಿ ಹೇಳಬೇಕು. 'ಮಂದಿ ಎಷ್ಟು?' 'ಹೆಸರೇನಂದ್ರಿ?' ಹೇಳಿದರೆ, 'ಪೂರ್ತಿ ಹೆಸರು?' ಇಷ್ಟಕ್ಕೂ ಸಿಕ್ಕಿಬೀಳದಿದ್ದರೆ ಕೊನೇ ಪ್ರಶ್ನೆ: 'ಮನೆದೇವ್ರು ಯಾವುದು?' ಇದು ಬಲೆ. ನಾವು 'ಹುಲಿಗೆಮ್ಮ' ಅಂದೆವು. ಹುಲಿಗಿಯ ಅಮ್ಮನ ಹತ್ತಿರ ಎಲ್ಲ ಜಾತಿಯ ಮಂದಿ ಹೋಗ್ತಾರೆ, ಅವಳ ಹೆಸರಿನಿಂದ ಏನೂ ಗೊತ್ತಾಗೋದಿಲ್ಲ. ಯಜಮಾನರ ಮುಖದಲ್ಲಿ ಲೆಕ್ಕ ತಪ್ಪಿದ ಮೇಷ್ಟರ ಕಳೆ. ಮರುದಿನ ಫೋನಿನಲ್ಲಿ ಉತ್ತರ ಬಂತು: 'ನಮ್ಮ ತಮ್ಮ ಬರ್ತಾನಂತೆ, ಮನೆ ಅವನಿಗೇ ಬೇಕಂತೆ.'

ಎಂ.ಎ. ಕ್ಲಾಸಿನಲ್ಲಿ ನಮಗೆ ಆನಂದವರ್ಧನನ ಧ್ವನಿ ಸಿದ್ಧಾಂತ ಪಾಠ ಆಗಿತ್ತು. ಅಲ್ಲಿ ಒಂದು ಪ್ರಾಕೃತ ಗಾಥೆಯ ಉದಾಹರಣೆ ಬರುತ್ತೆ: ನಾಯಿ ಸತ್ತಿದೆ, ಅದನ್ನು ಕೊಂದ ಸಿಂಹ ಹತ್ತಿರದಲ್ಲೇ ಇದೆ, ಧಾರಾಳವಾಗಿ ಓಡಾಡು ಅಂತ ಒಬ್ಬಳು ಸನ್ಯಾಸಿಗೆ ಹೇಳ್ತಾಳೆ. ಬಾ ಅನ್ನುವುದು ವಾಚ್ಯ, ಬರಬೇಡ ಅನ್ನುವುದು ಧ್ವನಿ. ಮೂರು ಪೀರಿಯಡ್ಡು ಕೇಳಿದರೂ ನಮ್ಮ ತಲೆಗೆ ಹೋಗಿರಲಿಲ್ಲ. ಪಾಠವನ್ನು ಹೊಸಪೇಟೆಯ ಬೀದಿಯಲ್ಲಿ ಮಾಡಿದ್ದರೆ ಒಂದೇ ದಿನಕ್ಕೆ ಹತ್ತುತ್ತಿತ್ತು. ಬಾರದ ತಮ್ಮ ಬರ್ತಾನೆ ಅನ್ನೋದು ವಾಚ್ಯ. ಆ ಗೇಟಿನ ರಟ್ಟು ಮಾತ್ರ ಶ್ರಾವಣದವರೆಗೆ ಅಲ್ಲೇ ತೂಗ್ತಾ ಇತ್ತು. ಯಾರವನು ಅಂತ ಕೇಳಬೇಡಿರೋ, ನಮ್ಮವನು ಅನ್ನಿರೋ ಎಂಬರ್ಥದಲ್ಲಿ ಎಂಟುನೂರು ವರ್ಷದ ಹಿಂದೆ ಬಸವಣ್ಣ ಹೇಳಿದ ಮಾತು ಕ್ಯಾಲೆಂಡರಾಗಿ ಅದೇ ಪಡಸಾಲೆಯ ಗೋಡೆಗೆ ನೇತಾಡೋದನ್ನೂ ನಾವು ನೋಡಿದ್ದೀವಿ.

ಇನ್ನು ಪುಸ್ತಕದ ಸಾಹಿತ್ಯ. ಕೆ.ಎಸ್. ನರಸಿಂಹಸ್ವಾಮಿಯವರ ಎರಡು ಸಂಕಲನಗಳ ಹೆಸರುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 1960ರದು 'ಮನೆಯಿಂದ ಮನೆಗೆ'. ಇನ್ನೊಂದು 'ತೆರೆದ ಬಾಗಿಲು', 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಇದಕ್ಕೆ. ಕವಿಯನ್ನು ಹಳಿಯೋದು ನಮ್ಮ ಉದ್ದೇಶ ಅಲ್ಲ. 'ಮೈಸೂರ ಮಲ್ಲಿಗೆ'ಯ ಹಾಡುಗಳನ್ನು ನಮ್ಮ ಕೇರಿಯ ಹುಡುಗಿಯರೂ ಶಾಲೆ ವಾರ್ಷಿಕೋತ್ಸವದಲ್ಲಿ ಹಾಡಿದ್ದಾರೆ, ಚೆನ್ನಾಗೇ ಹಾಡಿದ್ದಾರೆ. ಗುಮಾಸ್ತನ ಬಡತನ, ತಿಂಗಳ ಕೊನೆಯ ತಾಪತ್ರಯ, ಆ ತಾಪತ್ರಯದ ನಡುವೆ ಗಂಡಹೆಂಡಿರ ಪ್ರೀತಿ, ಇದ್ಯಾವುದೂ ಸುಳ್ಳಲ್ಲ. ಆದರೆ ಮನೆಯಿಂದ ಮನೆಗೆ ಹೋಗಬೇಕಾದರೆ ಎರಡನೇ ಮನೆ ಸಿಕ್ಕಿರಬೇಕು. ಆ ಗುಮಾಸ್ತನ ಕಷ್ಟ ಬಾಡಿಗೆಯ ಕಷ್ಟ, ಬಾಗಿಲಿನ ಕಷ್ಟ ಅಲ್ಲ. ಕೈ ಬಿಗಿ ಇದ್ದರೂ ಅವನ ಹೆಸರಿಗೆ ಸಾಲ ಹುಟ್ಟುತ್ತೆ. ನಮ್ಮ ಹೆಸರಿಗೆ ಅಡ್ವಾನ್ಸೂ ಹುಟ್ಟೋದಿಲ್ಲ. ಬಡತನ ಬಡತನವೇ ಅಂತ ಹೇಳುವ ಎಡಪಂಥೀಯ ಗೆಳೆಯರು ಈ ವ್ಯತ್ಯಾಸವನ್ನು ಒಂದು ಸಲ ಗೇಟಿನ ಮುಂದೆ ನಿಂತು ಯೋಚಿಸಲಿ.

ಗಿರೀಶ ಕಾಸರವಳ್ಳಿಯವರ 'ಮನೆ' ಚಿತ್ರವನ್ನೂ ಇದೇ ಹೊತ್ತಿನಲ್ಲಿ ಮತ್ತೆ ನೋಡಿದೆವು. ಟಿ.ಜಿ. ರಾಘವ ಅವರ ಕೃತಿ ಅದಕ್ಕೆ ಆಧಾರ. ನಗರಕ್ಕೆ ಬಂದ ಗಂಡ ಹೆಂಡತಿಗೆ ಪಕ್ಕದ ಶೆಡ್ಡಿನ ಸದ್ದು ನಿದ್ದೆ ಕೊಡೋದಿಲ್ಲ, ಸಂಸಾರ ಕೊಡೋದಿಲ್ಲ. ಒಳ್ಳೆಯ ಚಿತ್ರ. ಆದರೆ ಅದರ ಸಂಕಟ ಮನೆ ಹೊಕ್ಕ ಮೇಲೆ ಶುರುವಾಗುವ ಸಂಕಟ. ನವ್ಯದ ನಾಯಕನೂ ಹಾಗೆಯೇ. ಅವನಿಗೆ ಲೋಕವೆಲ್ಲ ಪರಕೀಯ, ಅಪ್ಪ ಪರಕೀಯ, ಹೆಂಡತಿ ಪರಕೀಯ. ರೂಮು ಮಾತ್ರ ಹೇಗೋ ಸಿಕ್ಕಿಬಿಟ್ಟಿರುತ್ತೆ. ಪರಕೀಯತೆಯ ಬಗ್ಗೆ ಪುಟಗಟ್ಟಲೆ ಚಿಂತಿಸಲು ಒಂದು ಕುರ್ಚಿ, ಒಂದು ಕಿಟಕಿ, ಚಿಲಕ ಇರುವ ಒಂದು ಬಾಗಿಲು ಬೇಕಲ್ಲ.

ಅವರನ್ನು ಬಿಡಿ. ನಮ್ಮ ಜಗಳ ನಮ್ಮವರ ಜೊತೆ.

ದಲಿತ ಬಂಡಾಯ ಸಾಹಿತ್ಯ ಬಾವಿ ಬರೆಯಿತು, ಗುಡಿ ಬರೆಯಿತು, ಹೋಟೆಲಿನ ಬೇರೆ ಲೋಟ ಬರೆಯಿತು, ಗೌಡನ ತೋಟ ಬರೆಯಿತು. ಬಾಡಿಗೆ ಮನೆಯನ್ನು ಬರೆದದ್ದು ತೀರ ಕಡಿಮೆ. ಯಾಕೆ? ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವನ ಮನೆ ಇದೆ. ಕಳೆದುಹೋದ ಕೋಳಿಗೆ ಅವಳು ಪಡುವ ಸಂಕಟ, ಕಡಲೆಕಾಯಿಯ ಸುತ್ತ ಇಡೀ ಸಂಸಾರ ಕೂತ ರಾತ್ರಿ, ಆಮೇಲೆ ಮನೆಗೆ ನುಗ್ಗುವ ಪೊಲೀಸರು. ಅಲ್ಲಿ ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೀತಾಳೆ. ನಾವು ಪಿ.ಯು.ಸಿ.ಯಲ್ಲಿ ಮೊದಲ ಸಲ ಓದಿದಾಗ ಆ ನವಿಲು ಕನಸಿನ ಸಂಕೇತ ಅಂತ ನೋಟ್ಸಿನಲ್ಲಿ ಬರೆದುಕೊಂಡಿದ್ದೆವು. ಮೇಷ್ಟರೂ ಹಾಗೇ ಹೇಳಿದ್ದರು. ಈ ಸಲ ಓದಿದಾಗ ಸಂಕೇತ ಕಾಣಲಿಲ್ಲ, ಗೋಡೆ ಕಾಣಿಸ್ತು. ಗೋಡೆ ಅವರದು. ಮಣ್ಣಿನದಿರಬಹುದು, ಮಳೆಗೆ ಕರಗಬಹುದು, ಪೊಲೀಸರು ಒದೀಬಹುದು. ಆದರೆ ಅದರ ಮೇಲೆ ನವಿಲು ಬರೆಯಲಿಕ್ಕೆ ಪುಟ್ಟಗೌರಿ ಯಾರನ್ನೂ ಕೇಳಬೇಕಾಗಿಲ್ಲ. ಹೊಸಪೇಟೆಯ ಮಾಲೀಕರ ಕರಾರಿನಲ್ಲಿ ನಾವು ಓದಿದ ಮೊದಲ ಷರತ್ತು, ಗೋಡೆಗೆ ಮೊಳೆ ಹೊಡೆಯಬಾರದು. ನಮ್ಮ ಟ್ರಂಕಿನಲ್ಲಿ ಟವೆಲ್ಲಿನಲ್ಲಿ ಸುತ್ತಿದ ಬಾಬಾಸಾಹೇಬರ ಫೋಟೋ ಇತ್ತು. ಮೊಳೆ ಇಲ್ಲದೆ ಅವರು ಎಲ್ಲಿ ನಿಲ್ಲಬೇಕು? ಸುಣ್ಣ ಹಾಳಾಗುತ್ತೆ ಅಂತ ಮೊಳೆ ಬೇಡ ಅನ್ನುವ ಮಾಲೀಕರೂ ಇದ್ದಾರೆ, ಸುಳ್ಳು ಹೇಳಬಾರದು. ಆದರೆ ಗಣಪತಿಗೆ ಹೊಡೆದ ಮೊಳೆಯಿಂದ ಅವರ ಸುಣ್ಣ ಹಾಳಾಗಿದ್ದನ್ನು ನಾವು ಕಾಣೆವು.

ಸಿದ್ಧಲಿಂಗಯ್ಯನವರ 'ಊರುಕೇರಿ'ಯಲ್ಲಿ ಹಳ್ಳಿಯಿಂದ ನಗರಕ್ಕೆ ಬಂದ ದಲಿತ ಕುಟುಂಬ ಇದೆ. ಮಂಚನಬೆಲೆಯಿಂದ ಬೆಂಗಳೂರಿಗೆ. ಹಾಸ್ಟೆಲ್ಲು, ಹಸಿವು, ಸ್ಮಶಾನದಲ್ಲಿ ಕೂತು ಓದು, ಎಲ್ಲವೂ ನಗುವಿನ ಜೊತೆಗೆ. ಆ ನಗು ದೊಡ್ಡದು. ಆದರೆ ಗಮನಿಸಿ, ಆ ತಲೆಮಾರಿನ ಬಹುಪಾಲು ಬರಹಗಾರರಿಗೆ ಕೇರಿಯಾದ ಮೇಲೆ ಹಾಸ್ಟೆಲ್ಲು, ಹಾಸ್ಟೆಲ್ಲಾದ ಮೇಲೆ ನೌಕರಿ. ಕೇರಿಯಲ್ಲಿ ಎಲ್ಲರಿಗೂ ಜಾತಿ ಗೊತ್ತು, ಹಾಸ್ಟೆಲ್ಲಿನಲ್ಲೂ ಗೊತ್ತು. ಮುಚ್ಚಿಡುವ ಪ್ರಮೇಯ ಬರೋದಿಲ್ಲ. ಎರಡೂ ಬಹಿರಂಗದ ಜಾಗ, ಆ ಕಾವ್ಯಕ್ಕೆ ಆ ಕೂಗು ಬಂದದ್ದು ಹಾಗೆ. ಬಾಡಿಗೆ ಮನೆ ಬೇರೆ ಜಾಗ. ಅಲ್ಲಿ ಬಾಡು ಬೇಯಿಸುವ ದಿನ ಕಿಟಕಿ ಹಾಕಬೇಕು, ಊದುಬತ್ತಿ ಹಚ್ಚಬೇಕು. ಅಲ್ಲಿ ಅವ್ವನಿಗೆ 'ಜೋರು ಮಾತಾಡಬ್ಯಾಡ' ಅಂತ ಮಗ ಹೇಳ್ತಾನೆ. ಬಯ್ಗುಳ, ಗಾದೆ, ಸತ್ತವರನ್ನು ಕರೆದು ಅಳುವ ಅವಳ ರಾಗ, ಎಲ್ಲವೂ ಗಂಟಲಲ್ಲೇ ಉಳಿಯುತ್ತವೆ. 1984ರಲ್ಲಿ ಬಂದ 'ಕುಸುಮಬಾಲೆ'ಯ ಭಾಷೆ ಓದೋಕೆ ಕಷ್ಟ ಅಂತ ಆಗ ಎಷ್ಟೋ ಜನ ಗೊಣಗಿದರು. ಆ ಭಾಷೆ ಉಳಿದದ್ದು ಅದನ್ನಾಡುವವರು ಇದ್ದ ಜಾಗ ಅವರದೇ ಆಗಿದ್ದರಿಂದ. ಗಟ್ಟಿಯಾಗಿ ಆಡಿದರೆ ಮನೆ ಖಾಲಿ ಮಾಡಬೇಕಾದ ಕಡೆ ಯಾವ ಭಾಷೆ ಹುಟ್ಟುತ್ತೆ? ಪಠ್ಯಪುಸ್ತಕದ ಭಾಷೆ ಹುಟ್ಟುತ್ತೆ. ನಮ್ಮ ಈ ಲೇಖನದ ಭಾಷೆಯನ್ನೇ ನೋಡಿ, ಅರ್ಧ ನಮ್ಮದು, ಅರ್ಧ ಬಾಡಿಗೆಯದು.

ಮೌನಕ್ಕೆ ಇನ್ನೊಂದು ಕಾರಣ ಇದೆ, ಅದನ್ನು ಯಾವ ವಿಮರ್ಶೆಯೂ ಹೇಳಿದ್ದು ನಾವು ಕಂಡಿಲ್ಲ. ಬಾಡಿಗೆ ಮನೆಯ ಅವಮಾನವನ್ನು ಬರೆದವನು ಬಾಡಿಗೆ ಮನೆಯಲ್ಲಿ ಉಳಿಯೋದು ಕಷ್ಟ. ನಮ್ಮ ಗೆಳೆಯರಲ್ಲಿ ಕನಿಷ್ಠ ನಾಲ್ಕು ಜನ ಇಂಥ ಪತ್ರಿಕೆಗಳಿಗೆ ಕವಿತೆ ಕಳಿಸುವಾಗ ಮನೆ ವಿಳಾಸ ಕೊಡೋದಿಲ್ಲ. ಸೈಕಲ್ ಶಾಪು, ಝೆರಾಕ್ಸ್ ಅಂಗಡಿ, ಶಾಲೆ. ಪೋಸ್ಟ್‌ಮ್ಯಾನು ಪತ್ರಿಕೆಯನ್ನು ಮಾಲೀಕರ ಕೈಗೆ ಕೊಟ್ಟರೆ ಮುಖಪುಟವೇ ಜಾತಿ ಹೇಳಿಬಿಡುತ್ತೆ. ಗುಡುಗುವ ಕವಿತೆಯ ಕೆಳಗೆ ಸೈಕಲ್ ಶಾಪಿನ ವಿಳಾಸ! ನಾವು ಇದನ್ನು ಹೇಡಿತನ ಅನ್ನೋದಿಲ್ಲ. ಆದರೆ ನಮ್ಮ ಕಾವ್ಯದ ಗುಡುಗನ್ನು ಅಳೆಯುವವರು ಈ ವಿಳಾಸವನ್ನೂ ಸೇರಿಸಿ ಓದಬೇಕು.

ಹಾಗಾದರೆ ಜಾತಿ ಮುಚ್ಚಿಟ್ಟು ಮನೆ ಹಿಡಿಯಬಹುದೋ ಬೇಡವೋ? ನಮ್ಮ ಓದುವ ಬಳಗದಲ್ಲಿ ಈ ಬಗ್ಗೆ ಜೋರು ಜಗಳ ಆಗಿದೆ. ಒಬ್ಬರು, ಸ್ವಾಭಿಮಾನ ಅಂದರೆ ಹೇಳಿಯೇ ಕೇಳಬೇಕು ಅಂದರು. ಅವರಿಗೆ ಸ್ವಂತ ಮನೆ ಇದೆ. ಇನ್ನೊಬ್ಬರು, ಹೆಣ್ಣುಮಕ್ಕಳನ್ನು ಬಸ್‌ಸ್ಟ್ಯಾಂಡಿನಲ್ಲಿ ಮಲಗಿಸಿ ಸ್ವಾಭಿಮಾನ ತೋರಿಸು ಅಂದರು. ಈ ಜಗಳಕ್ಕೆ ಉತ್ತರ ಕೊಡುವ ಪಠ್ಯ ಅಂಬೇಡ್ಕರರ 'ವೇಟಿಂಗ್ ಫಾರ್ ಎ ವೀಸಾ'. 1917ರಲ್ಲಿ ವಿದೇಶದ ಓದಿನಿಂದ ವಾಪಸಾಗಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದ ಅಂಬೇಡ್ಕರರಿಗೆ ಉಳಿಯಲು ಜಾಗ ಇಲ್ಲ. ಪಾರ್ಸಿಗಳ ಇನ್ನಿಗೆ ಹೋಗಿ ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೇ ದಿನ ಕೋಲು ಹಿಡಿದ ಪಾರ್ಸಿಗಳು ಬಂದು ನಿಂತರು. ಆವೊತ್ತು ಊರಿನ ಇಬ್ಬರು ಗೆಳೆಯರನ್ನು ಕೇಳಿದರು, ಒಬ್ಬ ಹಿಂದೂ, ಒಬ್ಬ ಕ್ರಿಶ್ಚಿಯನ್. ಇಬ್ಬರಿಗೂ ಒಂದೊಂದು ನೆಪ ಇತ್ತು. ಒಬ್ಬನದು ಆಳುಗಳ ನೆಪ, ಇನ್ನೊಬ್ಬನದು ಹೆಂಡತಿಯ ನೆಪ. ರೈಲಿನ ಹೊತ್ತಿನವರೆಗೆ ಕಾಮಾಟಿ ಬಾಗಿನಲ್ಲಿ ಕೂತಿದ್ದು ಮುಂಬಯಿಗೆ ವಾಪಸಾದರು. ನಮ್ಮ 'ತಮ್ಮ ಬರ್ತಾನಂತೆ' ಎಂಬ ವಾಕ್ಯದ ಅಜ್ಜ ಆ 'ಹೆಂಡತಿ ಬಂದ ಮೇಲೆ ಕೇಳಿ ಹೇಳ್ತೀನಿ' ಎಂಬ ಮಾತು.

ಈ ಬರಹದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಸಂಗತಿ. ಅಂಬೇಡ್ಕರರು ತಾವು ಸುಳ್ಳು ಹೆಸರು ಬರೆಸಿದ್ದನ್ನು ಮುಚ್ಚಿಡೋದಿಲ್ಲ, ಅದಕ್ಕೆ ಸಮರ್ಥನೆಯ ಉಪನ್ಯಾಸವನ್ನೂ ಕೊಡೋದಿಲ್ಲ. ಆ ಇನ್ನಿನ ಖಾಲಿ ಕೋಣೆ, ಮಾತಿಗೆ ಒಬ್ಬರೂ ಇಲ್ಲದ ರಾತ್ರಿ, ಇದನ್ನೆಲ್ಲ ಹೇಳುವಾಗ ಕಣ್ಣೀರಿಲ್ಲದ, ದಫ್ತರಿನಂಥ ಗದ್ಯ. ಬರೆದದ್ದು 1930ರ ದಶಕದಲ್ಲಿ, ಪುಸ್ತಕವಾಗಿ ಅಚ್ಚಾದದ್ದು 1990ರಲ್ಲಿ, ಅವರು ತೀರಿಹೋಗಿ ಮೂವತ್ತನಾಲ್ಕು ವರ್ಷಕ್ಕೆ. ಮರಾಠಿಯಲ್ಲಿ ಬಾಬುರಾವ್ ಬಾಗುಲ್ 1963ರಲ್ಲಿ 'ಜೇವ್ಹಾ ಮೀ ಜಾತ ಚೋರಲೀ ಹೋತಿ' ಬರೆದರು, ನಾನು ಜಾತಿ ಕದ್ದಾಗ ಅಂತ. ರೈಲ್ವೆ ಕೆಲಸಕ್ಕೆ ಗುಜರಾತಿಗೆ ಹೋದ ಯುವಕ ಜಾತಿ ಮುಚ್ಚಿಟ್ಟು ಬದುಕ್ತಾನೆ, ಗೊತ್ತಾದ ದಿನ ಹೊಡೆತ ತಿಂತಾನೆ. ಶೀರ್ಷಿಕೆಯಲ್ಲಿ 'ಕದ್ದಾಗ' ಅನ್ನುವ ಮಾತು ನೋಡಿ. ತನ್ನದೇ ವಸ್ತುವನ್ನು ತಾನೇ ಬಚ್ಚಿಟ್ಟವನು ಕಳ್ಳ ಆಗಬೇಕಾದ ಲೋಕ ಅದು. ಕನ್ನಡದ ಕತೆಗಾರರಿಗೆ ಬಾಗುಲರಿಂದ ಅರವತ್ತು ವರ್ಷಗಳ ಮೇಲೂ ಕಲಿಯೋದು ಉಳಿದಿದೆ. ಮುಚ್ಚಿಟ್ಟವನನ್ನು ಅವರು ಹೀರೋ ಮಾಡಲಿಲ್ಲ, ಖಳನನ್ನೂ ಮಾಡಲಿಲ್ಲ. ನಾವೂ ಹುಲಿಗೆಮ್ಮನ ಹಿಂದೆ ಅಡಗಿದವರೇ.

ಕಾನೂನಿನ ಮಾತು ಕೇಳುವ ಮೇಷ್ಟರುಗಳಿಗೆ ಒಂದು ಮಾಹಿತಿ. 1955ರ ಅಸ್ಪೃಶ್ಯತಾ ಅಪರಾಧ ಕಾಯ್ದೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರು ಬದಲಿಸಿತು. ಅದರ 4ನೇ ಕಲಮು ಯಾವುದೇ ಪ್ರದೇಶದಲ್ಲಿ ವಾಸದ ಮನೆ ಕಟ್ಟಲು, ಪಡೆಯಲು, ಅದರಲ್ಲಿ ವಾಸಿಸಲು ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡುವುದನ್ನು ಅಪರಾಧ ಅನ್ನುತ್ತೆ. ಆದರೆ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ರಟ್ಟಿನಲ್ಲಿ ಅಸ್ಪೃಶ್ಯತೆ ಎಂಬ ಪದ ಎಲ್ಲಿದೆ? 'ತಮ್ಮ ಬರ್ತಾನಂತೆ' ಅನ್ನುವುದಕ್ಕೆ ಯಾವ ಕಲಮು? 2005ರಲ್ಲಿ ಅಹಮದಾಬಾದಿನ ಒಂದು ಪಾರ್ಸಿ ಗೃಹನಿರ್ಮಾಣ ಸಂಘದ ಪ್ರಕರಣದಲ್ಲಿ, ಸದಸ್ಯತ್ವವನ್ನು ಪಾರ್ಸಿಗಳಿಗಷ್ಟೇ ಮಿತಿಗೊಳಿಸುವ ಉಪವಿಧಿಯನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. 2015ರಲ್ಲಿ ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಮುತ್ತ ಮೇಲ್ಜಾತಿ, ದಲಿತ, ಮುಸ್ಲಿಂ ಹೆಸರುಗಳಲ್ಲಿ ಮನೆ ಕೇಳಿಸಿ ನೋಡಿದರು. ಮೇಲ್ಜಾತಿ ಹೆಸರಿಗೆ ಹೆಚ್ಚುಕಡಿಮೆ ಎಲ್ಲ ಕಡೆ ಹೂಂ ಅಂದರು. ದಲಿತರಿಗೆ ಎಷ್ಟೋ ಕಡೆ ಇಲ್ಲ, ಮುಸ್ಲಿಮರಿಗೆ ಅದಕ್ಕಿಂತ ಹೆಚ್ಚು ಕಡೆ ಇಲ್ಲ. ರಾಜಧಾನಿಯಲ್ಲೇ ಹೀಗೆ.

ನಮ್ಮ ಸೀಮೆಗೆ ಬರೋಣ. ಸಂಡೂರಿನಲ್ಲಿ ಘೋರ್ಪಡೆ ಅರಸರು 1930ರ ದಶಕದಲ್ಲೇ ಗುಡಿಯ ಬಾಗಿಲನ್ನು ನಮ್ಮವರಿಗೆ ತೆರೆಸಿದರು, ಗಾಂಧೀಜಿ ಅದನ್ನು ಮೆಚ್ಚಿಕೊಂಡರು. ದೇವರ ಬಾಗಿಲು ರಾಜನ ಒಂದು ಆಜ್ಞೆಗೆ ತೆರೆಯಿತು. ಮನೆ ಮಾಲೀಕನ ಬಾಗಿಲಿಗೆ ಯಾವ ರಾಜನ ಆಜ್ಞೆಯೂ ನಾಟೋದಿಲ್ಲ. 1945ರಲ್ಲಿ ಕೆಲಸ ಶುರುವಾದ ತುಂಗಭದ್ರಾ ಡ್ಯಾಮಿನ ಕಾಲೋನಿ, ದೋಣಿಮಲೈ ಗಣಿಯ ಟೌನ್‌ಶಿಪ್ಪು, ಇಲ್ಲೆಲ್ಲ ಕ್ವಾರ್ಟರ್ಸು ಸಿಗೋದು ಗ್ರೇಡಿನ ಮೇಲೆ. ಮನೆಗೆ ನಂಬರಿದೆ, ಮನೆದೇವರ ವಿಚಾರಣೆ ಇಲ್ಲ. ಸರ್ಕಾರಿ ಕೆಲಸಕ್ಕೆ ನಮ್ಮವರು ಅಷ್ಟು ಹಂಬಲಿಸೋದು ಪಗಾರಕ್ಕೆ ಮಾತ್ರ ಅಂತ ತಿಳಿದವರಿಗೆ ಇದು ಗೊತ್ತಿಲ್ಲ. ಆದರೆ ಕಂತ್ರಾಟು ಕೂಲಿಗೆ ಕ್ವಾರ್ಟರ್ಸು ಯಾರು ಕೊಡ್ತಾರೆ? ಈಗ ಎಲ್ಲೆಲ್ಲೂ ಕಂತ್ರಾಟೇ.

ಹಂಪಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆವು. ಹಾಳು ಹಂಪೆಯನ್ನು ನೋಡಿ ಕನ್ನಡ ಕಾವ್ಯ ಸುರಿಸಿದ ಕಣ್ಣೀರು ಒಂದು ಕಾಲುವೆಗಾಗುವಷ್ಟಿದೆ. ಬಿದ್ದ ಅರಮನೆ, ಮುರಿದ ಕಂಬ, ಹೋದ ವೈಭವ. 1986ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2011ರ ಜುಲೈ ಕೊನೆಯಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ವರ್ಷಗಟ್ಟಲೆ ಬದುಕಿದ್ದವರ ಮನೆ, ಅಂಗಡಿಗಳ ಮೇಲೆ ಜೆಸಿಬಿ ಬಂತು. ಕಡ್ಡಿರಾಂಪುರದಲ್ಲಿ ಪುನರ್ವಸತಿ ಎಂಬ ಮಾತು ವರ್ಷಗಟ್ಟಲೆ ಎಳೆಯಿತು. ಸ್ಮಾರಕ ಉಳಿಸಬೇಕು ಅನ್ನುವ ವಾದವನ್ನು ನಾವು ತಳ್ಳಿಹಾಕೋದಿಲ್ಲ. ಆದರೆ 1565ರಲ್ಲಿ ಬಿದ್ದ ಊರಿಗೆ ಇವತ್ತಿಗೂ ಅಳುವ ಕವಿಗಳು 2011ರಲ್ಲಿ ಬಿದ್ದ ಮನೆಗಳಿಗೆ ಎಷ್ಟು ಸಾಲು ಬರೆದರು? ಹುಡುಕಿ ನೋಡಿ. ಕಾವ್ಯಕ್ಕೂ ಒಂದು ಪಟ್ಟಾ ಬೇಕಾಗುತ್ತೋ ಏನೋ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಕಡೆಯ ಕೊಳೆಯನ್ನೂ ಹೇಳಬೇಕು. ನಮ್ಮವರೇ ಈಗ ಒಂದಿಷ್ಟು ಜನ ಮನೆ ಕಟ್ಟಿಸಿ ಬಾಡಿಗೆಗೆ ಕೊಡ್ತಾರೆ. ಅಲ್ಲಿಗೂ ಹೋದೆವು. 'ಜೈ ಭೀಮ್' ಅಂತ ಕೈ ಮುಗಿದ ಯಜಮಾನರು ಎರಡು ಮಾತಾದ ಮೇಲೆ ಕೇಳಿದರು, 'ಎಡಗೈಯೋ ಬಲಗೈಯೋ?' ನಾವು ಏನು ಹೇಳಿದೆವು, ಅವರು ಏನಂದರು ಅಂತ ಇಲ್ಲಿ ಬರೆಯೋದಿಲ್ಲ, ಎರಡೂ ಕಡೆಯವರು ಇದನ್ನು ಓದ್ತೀರಿ. ಬಾಡಿಗೆ ಮನೆ ಬಗ್ಗೆ ನಮ್ಮ ಸಾಹಿತ್ಯ ಬರೆಯದಿರುವುದಕ್ಕೆ ಇದೂ ಒಂದು ಕಾರಣ ಇರಬಹುದು. ಬರೆದರೆ ಈ ಪ್ರಶ್ನೆಯನ್ನೂ ಬರೀಬೇಕು.

ಕೊನೆಗೆ ಎಲ್ಲಿ ಹಿಡಿಯೋದು ಅಂತ ಮನೆಯಲ್ಲಿ ಮೂರು ಅಭಿಪ್ರಾಯ. ತಂಗಿಗೆ ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರ ಬೇಕು. ಊರಾಚೆ ಗದ್ದೆ ಮುಚ್ಚಿ ಮಾಡಿದ ಲೇಔಟಿನಲ್ಲಿ ಮಾಲೀಕರು ದೂರದಲ್ಲಿರ್ತಾರೆ, ಏಜೆಂಟನಿಗೆ ಕಮಿಷನ್ ಸಿಕ್ಕರೆ ಸಾಕು, ಯಾವ ಪ್ರಶ್ನೆಯೂ ಇಲ್ಲ ಅನ್ನೋದು ನಮ್ಮ ಲೆಕ್ಕ. ಅವ್ವ ಒಂದೇ ಮಾತು ಹೇಳಿದಳು: 'ಪ್ರಶ್ನೆ ಕೇಳೋರಿಲ್ಲ ಅಂದ್ರ ಮಾತಾಡ್ಸೋರೂ ಇಲ್ಲ ಅಂತಲೇ ಆತಲ್ಲಪ್ಪಾ. ಸತ್ರ ಯಾರು ಬರ್ತಾರ?' ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಪರಕೀಯತೆಯ ಬಗ್ಗೆ ಓದಿದ ಪುಸ್ತಕಗಳಲ್ಲೂ ಇರಲಿಲ್ಲ.

ಮನೆ ಕೊಟ್ಟವರು ಒಂದು ಮುಸ್ಲಿಂ ಗೌಂಡಿ ಕುಟುಂಬ. ಅವರಿಗೂ ಒಂದು ಕಾಲಕ್ಕೆ ಎಷ್ಟು ಕಡೆ 'ತಮ್ಮ' ಬಂದಿದ್ದನೋ. ಅವರು ಕೇಳಿದ್ದು ಒಂದೇ: 'ನಲ್ಲಿ ನೀರು ದಿನಾ ಬರಲ್ಲಮ್ಮ, ಡ್ರಮ್ಮು ಐತೇನು?' ಅವ್ವ ಇದೆ ಅಂದಳು, ತಿರುಗಿ ತಾನೂ ಒಂದು ಕೇಳಿದಳು, ಮೊಳೆ ಹೊಡೀಬಹುದಾ ಅಂತ. 'ಗಿಲಾಯಿ ಹಸಿ ಐತೆ, ಎರಡು ತಿಂಗಳು ತಡೀರಿ, ನಾನೇ ಹೊಡೆದುಕೊಡ್ತೀನಿ' ಅಂದರು. ಬಾಬಾಸಾಹೇಬರು ಇನ್ನೂ ಟ್ರಂಕಿನಲ್ಲೇ ಇದ್ದಾರೆ.

ಈ ಪತ್ರಿಕೆಯ ಓದುಗರಲ್ಲಿ ಊರಿಂದೂರಿಗೆ ವರ್ಗ ಆಗುವ ಮೇಷ್ಟರುಗಳಿದ್ದೀರಿ, ರೂಮು ಹುಡುಕುವ ವಿದ್ಯಾರ್ಥಿಗಳಿದ್ದೀರಿ. ನಿಮ್ಮನ್ನು ಗೇಟಿನ ಮುಂದೆ ನಿಲ್ಲಿಸಿ ಕೇಳಿದ ಪ್ರಶ್ನೆಗಳನ್ನು ಇದ್ದದ್ದು ಇದ್ದ ಹಾಗೆ, ಅವರ ಮಾತಿನಲ್ಲೇ, ಬರೆದು ಕಳಿಸಿ. ಕತೆ ಕಟ್ಟಬೇಡಿ, ಉಪಮೆ ಬೇಡ. ಹೆಸರು ಹಾಕದಿದ್ದರೂ ನಡೆಯುತ್ತೆ. ಮಾಲೀಕರು ಒಳ್ಳೆಯವರಾದರೂ ಓಣಿ ಹೇಗೋ ಇನ್ನೂ ತಿಳಿದಿಲ್ಲ, ಹಾಗಾಗಿ ನಮ್ಮ ಚಂದಾ ಪ್ರತಿಯನ್ನು ಸದ್ಯಕ್ಕೆ ಸೈಕಲ್ ಶಾಪಿಗೇ ಕಳಿಸ್ತಾ ಇರಿ.